ಇಡೀ ಮನೆಗೆ ಒಂದೇ ಇಟ್ಟಿಗೆ ಯಾಕೆ?

ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಟ್ಟುತ್ತಿರುವ ಎಷ್ಟೋ ಮನೆಗಳಲ್ಲಿ ಬೂದು ಬಣ್ಣದ ಸಾಲಿಡ್ ಸಿಮೆಂಟ್ ಬ್ಲಾಕ್ ಬಿಟ್ಟು ಬೇರೇನೂ ಕಾಣಲ್ಲ. ಸಂಜೆ ಬಿಸಿಲು ಹೊಡೆಯುವ ಪಶ್ಚಿಮದ ಗೋಡೆಗೂ ಅದೇ, ಬಚ್ಚಲಿಗೂ ಅದೇ, ಎರಡು ರೂಮಿನ ನಡುವಿನ ಅಡ್ಡಗೋಡೆಗೂ ಅದೇ. ಯಾಕೆ ಅಂತ ಕೇಳಿದರೆ "ಬೇಗ ಆಗುತ್ತೆ, ಎಲ್ಲರೂ ಅದನ್ನೇ ಹಾಕ್ತಾರೆ" ಅಂತಾರೆ. ಬೇಗ ಆಗೋದು ನಿಜ. ಎರಡನೇ ಮಾತನ್ನು ಸಿವಿಲ್ ಓದುವ ನಾವು ಉತ್ತರ ಅಂತ ಒಪ್ಪಿಕೊಳ್ಳಬಾರದು ಅನ್ನೋದು ನಮ್ಮ ವಾದ.

ಪಕ್ಕದ ಭದ್ರಾವತಿಯನ್ನೇ ನೋಡೋಣ. ಅಲ್ಲಿನ ಕಬ್ಬಿಣದ ಕಾರ್ಖಾನೆ 1918ರಲ್ಲಿ ಆರಂಭವಾಯಿತು, 1923ರ ಹೊತ್ತಿಗೆ ಇದ್ದಿಲಿನ ಊದುಕುಲುಮೆಯಲ್ಲಿ ಕಬ್ಬಿಣ ಕರಗಿಸತೊಡಗಿತು. ಕುಲುಮೆ ಅಂದರೆ ಹೊರಗೆ ಉಕ್ಕು, ಒಳಗೆ ಇಟ್ಟಿಗೆ. ಉಕ್ಕಿನ ಉದ್ಯಮದಲ್ಲಿ ಯಾರೂ ಎಲ್ಲ ಕುಲುಮೆಗೂ ಒಂದೇ ಇಟ್ಟಿಗೆ ಹಾಕಲ್ಲ. ಒಂದು ಕಡೆ ಫೈರ್‌ಕ್ಲೇ ಸಾಕು, ಇನ್ನೊಂದು ಕಡೆ ಸಿಲಿಕಾ ಬೇಕು. ಸುಣ್ಣದ ಅಂಶ ಹೆಚ್ಚಿರುವ ಸ್ಲ್ಯಾಗ್ ಮುಟ್ಟುವ ಜಾಗದಲ್ಲಿ ಸಿಲಿಕಾ ಇಟ್ಟಿಗೆ ಇಟ್ಟರೆ ಸ್ಲ್ಯಾಗ್ ಅದನ್ನು ತಿಂದೇ ಹಾಕುತ್ತದೆ, ಅಲ್ಲಿಗೆ ಮ್ಯಾಗ್ನೆಸೈಟ್. ಎಷ್ಟು ಬಿಸಿ, ಎಷ್ಟು ಭಾರ, ಏನು ತಾಗುತ್ತೆ ಅಂತ ಮೊದಲು ಕೇಳಿ ಆಮೇಲೆ ಇಟ್ಟಿಗೆ ಆರಿಸುತ್ತಾರೆ. ಮನೆ ಗೋಡೆಗೂ ಕೇಳಬೇಕಾದ್ದು ಇದೇ ಮೂರು ಪ್ರಶ್ನೆ. ಬಿಸಿ ಮಾತ್ರ ಸ್ವಲ್ಪ ಕಡಿಮೆ, ಏಪ್ರಿಲ್ ತಿಂಗಳು ಬಿಟ್ಟು!

ಭಾರದ ಲೆಕ್ಕ ನೋಡಿ. ಐಎಸ್ 2185ರ ಪ್ರಕಾರ ಸಾಲಿಡ್ ಬ್ಲಾಕಿನ ಸಾಂದ್ರತೆ ಘನ ಮೀಟರಿಗೆ ಕನಿಷ್ಠ 1800 ಕೆ.ಜಿ. ಎಎಸಿ ಬ್ಲಾಕಿನದು ಸುಮಾರು 600. 3 ಮೀಟರ್ ಎತ್ತರ, 150 ಮಿ.ಮೀ. ದಪ್ಪದ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಮೊದಲನೆಯದರಲ್ಲಿ 810 ಕೆ.ಜಿ., ಎರಡನೆಯದರಲ್ಲಿ 270 ಕೆ.ಜಿ. 4 ಮೀಟರ್ ಬೀಮಿನ ಮೇಲೆ ಎರಡು ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಫ್ರೇಮ್ ಕಟ್ಟಡದಲ್ಲಿ ಮೇಲ್ಮಹಡಿಯ ಅಡ್ಡಗೋಡೆ ಏನನ್ನೂ ಹೊರುವುದಿಲ್ಲ, ಬೀಮೇ ಅದನ್ನು ಹೊರಬೇಕು. ಆ ಭಾರಕ್ಕೆ ಕಬ್ಬಿಣದ ದುಡ್ಡು ಕೊಡೋದು ಮನೆಯವರು. ಹಾಗಂತ ಎಎಸಿ ಎಲ್ಲ ಕಡೆಗೂ ಆಗಲ್ಲ. ಅದು ನೀರು ಹೀರುತ್ತದೆ. ಮಲೆನಾಡಿನ ಮಳೆಗೆ ಮುಖ ಕೊಟ್ಟ ಹೊರಗೋಡೆಯಲ್ಲಿ ಪ್ಲಾಸ್ಟರ್ ಬಿರುಕು ಬಿಟ್ಟರೆ ಕಷ್ಟ. ಪ್ಲಿಂತ್ ಕೆಳಗಂತೂ ಬೇಡವೇ ಬೇಡ. ಅಲ್ಲಿಗೆ, ಕಾಂಪೌಂಡಿಗೆ, ಸಾಲಿಡ್ ಬ್ಲಾಕ್ ಧಾರಾಳವಾಗಿ ಹಾಕಲಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಜಂಬಿಟ್ಟಿಗೆ ಗೊತ್ತೇ ಇರುತ್ತೆ. ನೆಲದಿಂದ ಕತ್ತರಿಸುವಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟಿನ್ನಿನ 'ಇಟ್ಟಿಗೆ' ಪದದಿಂದಲೇ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಇದೆ, ಅವನನ್ನು ಕೇಳಬೇಕಿರಲಿಲ್ಲ. ಐಎಸ್ 3620 ಇದಕ್ಕೆ ಕೇಳುವ ಬಲ ಚದರ ಮಿ.ಮೀ.ಗೆ 3.5 ನ್ಯೂಟನ್. ಒಂದು ಅಂತಸ್ತಿನ ಮನೆಗೆ ಸಾಮಾನ್ಯವಾಗಿ ಇಷ್ಟು ಸಾಕು, ಮಾಡು ಅಗಲವಾಗಿ ಹೊರಚಾಚಿರಬೇಕು ಅಷ್ಟೆ. ಹಳಬರು ಅದನ್ನೇ ಮಾಡಿದ್ದರು. ಈಗ ಜಂಬಿಟ್ಟಿಗೆ ಇಟ್ಟು ಮೇಲೆ ಸಮತಟ್ಟು ಆರ್‌ಸಿಸಿ ಹಾಕಿ, "ಕಲ್ಲು ನೀರು ಕುಡೀತು" ಅಂತ ಬೈದರೆ ಕಲ್ಲೇನು ಮಾಡೀತು?

ಸುಟ್ಟ ಮಣ್ಣಿನ ಇಟ್ಟಿಗೆ ನಮಗೂ ಇಷ್ಟವೇ. ಆದರೆ ಗದ್ದೆಯ ಮೇಲ್ಮಣ್ಣು ಕೆರೆದು ಕಟ್ಟಿಗೆಯಲ್ಲಿ ಸುಡುವ ವಸ್ತುವನ್ನು ಎಲ್ಲೆಂದರಲ್ಲಿ ಹಾಕಿ ಅಂತ ಹೇಳಲಾರೆವು. ಹಾಕುವುದಾದರೆ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್‌ಟ್ರ್ಯಾಪ್ ಬಾಂಡ್ ಇದೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಈ ಕಟ್ಟಣೆಯಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತೆ, ಟೊಳ್ಳಿನ ಗಾಳಿ ಬಿಸಿಯನ್ನೂ ತಡೆಯುತ್ತೆ. ಪಶ್ಚಿಮದ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ. ಸುಡುವುದೇ ಬೇಡ ಅನ್ನುವವರಿಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಬೆಳೆಸಿದ ಒತ್ತು ಮಣ್ಣಿನ ಬ್ಲಾಕ್ ಇದೆ: ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಪ್ರೆಸ್ಸಿನಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿದರೆ ಮುಗೀತು.

ಇಷ್ಟೆಲ್ಲ ಇದ್ದೂ ಪ್ರಾಜೆಕ್ಟ್ ವರದಿಗಳಲ್ಲಿ ಗೋಡೆಗೆ ಸಿಗೋದು ಒಂದೇ ಸಾಲು: "230 ಮಿ.ಮೀ. ಬ್ರಿಕ್ ಮೇಸನ್ರಿ". ಬೀಮಿಗೆ ಹತ್ತು ಪುಟ ಲೆಕ್ಕ, ಗೋಡೆಗೆ ಕಾರಣವೇ ಇಲ್ಲ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಿಗೆ ನಮ್ಮ ಸಲಹೆ ಇಷ್ಟೇ. ಹೊಸನಗರದ ಜಂಬಿಟ್ಟಿಗೆ, ಭದ್ರಾವತಿ ಕಡೆಯ ಸುಟ್ಟ ಇಟ್ಟಿಗೆ, ಇಲ್ಲಿನ ಸಿಮೆಂಟ್ ಬ್ಲಾಕ್, ಒಂದು ಎಎಸಿ, ಎಲ್ಲ ತನ್ನಿ. 24 ಗಂಟೆ ನೀರಲ್ಲಿಡಿ, ತೂಗಿ, ಲ್ಯಾಬಿನ ಯಂತ್ರದಲ್ಲಿ ಒಡೆಯಿರಿ. ಬಂದ ಅಂಕಿಗಳ ಜೊತೆ ಸಾಗಣೆ ಖರ್ಚನ್ನೂ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.