ಬೂದಿ ರಸ್ತೆಗೆ ಬರಲಿ, ಲೆಕ್ಕ ಗ್ರಾಮಸಭೆಗೆ ಬರಲಿ!

ರಾಯಚೂರು ತಾಲ್ಲೂಕಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಆಮೇಲೆ ಯರಮರಸ್‌ನಲ್ಲೂ ವಿದ್ಯುತ್ ಸ್ಥಾವರ ಬಂತು. ನಮ್ಮ ದೇಶದ ಕಲ್ಲಿದ್ದಲು 100 ಟನ್ ಉರಿದರೆ ಸಾಮಾನ್ಯವಾಗಿ 30 ಟನ್‌ಗೂ ಮೇಲೆ ಬೂದಿ ಉಳಿಯುತ್ತದೆ. ಕರೆಂಟು ಇಡೀ ರಾಜ್ಯದ್ದು. ಬೂದಿ ಮಾತ್ರ ಬೀಳುವುದು ನಮ್ಮ ಮಗ್ಗುಲಲ್ಲಿ. ಹಾಗಿದ್ದರೆ ನಮ್ಮೂರ ಸಿ.ಸಿ. ರಸ್ತೆಗೆ ಅದು ಯಾಕೆ ಬೇಡ?

“ಬೂದಿ ಹಾಕಿದರೆ ರಸ್ತೆ ಪುಡಿಯಾಗುತ್ತದೆ” ಅನ್ನುವವರಿದ್ದಾರೆ. ಅವರ ಮನೆ ಕಟ್ಟಿದ ಪಿ.ಪಿ.ಸಿ. ಸಿಮೆಂಟ್ ಚೀಲವನ್ನೇ ನೋಡಲಿ. ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿಯೇ! ಸಿಮೆಂಟ್ ನೀರು ಕುಡಿದಾಗ ಸುಣ್ಣ ಬಿಡುತ್ತದೆ. ಬೂದಿ ಆ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟಾಗುತ್ತದೆ. ಕಾಂಕ್ರೀಟಿನೊಳಗಿನ ಕಾವು ತಗ್ಗುತ್ತದೆ, ನೀರು ಒಳಗಿಳಿಯುವುದು ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದು.

ಕಾನೂನೂ ನಮ್ಮ ಕಡೆಗಿದೆ. 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆಯಂತೆ, ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗೆ ಸ್ಥಾವರವೇ ತನ್ನ ಖರ್ಚಿನಲ್ಲಿ ಬೂದಿ ತಲುಪಿಸಿದರೆ, ಬಳಸುವುದು ಕಡ್ಡಾಯ.

ಆದರೆ ಬೂದಿಯ ಹೆಸರಲ್ಲಿ ಸಿಮೆಂಟ್ ನುಂಗಲು ಬಿಡಬೇಡಿ! ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ:

1. ಬೂದಿಯ ಪ್ರಮಾಣ ಎಸ್ಟಿಮೇಟ್‌ನಲ್ಲೇ ಇರಲಿ. ಲ್ಯಾಬಿನ ಮಿಕ್ಸ್ ಡಿಸೈನ್ ಇಲ್ಲದೆ ಕೈಅಂದಾಜಿಗೆ ಸುರಿಯಬಾರದು.

2. ಐ.ಎಸ್. 3812ರ ಪರೀಕ್ಷೆ ಪಾಸಾದ ಒಣಬೂದಿ ಮಾತ್ರ ಕಾಂಕ್ರೀಟಿಗೆ. ಹೊಂಡದ ಬೂದಿ ರಸ್ತೆಯ ಏರಿ ತುಂಬಲು ಸಾಕು.

3. ಬೂದಿ ಬೆರೆಸುವುದಾದರೆ ಒ.ಪಿ.ಸಿ. ಸಿಮೆಂಟ್ ತರಲಿ. ಪಿ.ಪಿ.ಸಿ.ಗೆ ಮತ್ತೆ ಬೂದಿ ಸೇರಿಸಿದರೆ ಕೆಲಸ ನಿಲ್ಲಿಸಿ.

4. ಕನಿಷ್ಠ 14 ದಿನ ನೀರು ಕಟ್ಟಿ ಕ್ಯೂರಿಂಗ್ ಆಗಲಿ. ಬೂದಿ ಕಾಂಕ್ರೀಟ್ ಮೊದಮೊದಲು ನಿಧಾನಕ್ಕೆ ಬಲಿಯುತ್ತದೆ. ಅದು ಪೂರ್ತಿ ಬಲಿಯುವವರೆಗೆ ಟ್ರ್ಯಾಕ್ಟರ್ ಹತ್ತಿಸುವುದಿಲ್ಲ ಎಂದು ನಾವೂ ಮಾತು ಕೊಡೋಣ.

5. 28 ದಿನದ ಕ್ಯೂಬ್ ಟೆಸ್ಟ್ ವರದಿ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಬಂದ ಮೇಲೆಯೇ ಕೊನೆಯ ಬಿಲ್ಲು. ಬೂದಿ ಬಳಸಿ ಉಳಿಸಿದ ಸಿಮೆಂಟಿನ ದುಡ್ಡು ಆ ಬಿಲ್ಲಿನಲ್ಲಿ ಕಾಣಲಿ.

ಗಾರೆ ಕೆಲಸದವರೇ, ನಿಮ್ಮ ಕಣ್ಣು ತಪ್ಪಿಸಿ ಯಾವ ಮೋಸವೂ ನಡೆಯದು. ಮುಂದೆ ನೀವೇ ನಿಲ್ಲಿ. ಮಹಿಳಾ ಸಂಘದವರೇ, ಯುವಕರೇ, ಈ ಐದೂ ಬೇಡಿಕೆಗಳನ್ನು ಅರ್ಜಿಯಾಗಿ ಬರೆದು, ಸಹಿ ಹಾಕಿಸಿ, ಪಿ.ಡಿ.ಒ. ಕೈಗೆ ಕೊಡಿ. ಸ್ವೀಕೃತಿ ಪಡೆಯದೆ ವಾಪಸು ಬರಬೇಡಿ. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ!

ಇಂತಿ,
ನಿಮ್ಮವರೇ ಆದ ಗ್ರಾಮಸ್ಥರು