ಮರಗಟ್ಟಿದೆಯೇ ಎಂದು ಯಾರನ್ನು ಕೇಳುವುದು?

ಸಿಸೇರಿಯನ್‌ಗೆ ಮಲಗಿದ ಹೆಂಗಸಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಡಾಕ್ಟರು ಸ್ಪಿರಿಟ್ ಹತ್ತಿಯನ್ನು ಹೊಟ್ಟೆಗೆ ಸೋಕಿಸಿ, ‘ತಣ್ಣಗೆ ಗೊತ್ತಾಗ್ತಿದೆಯೇನಮ್ಮಾ?’ ಎನ್ನುತ್ತಾರೆ. ‘ಇಲ್ಲ’ ಎಂದರೆ ಅನುಮಾನ ತೀರಿತು. ಹರ್ನಿಯಾ ಆಪರೇಷನ್ನಿಗೆ ಬಂದ ಎರಡು ವರ್ಷದ ಹುಡುಗನನ್ನು ಏನೆಂದು ಕೇಳುವುದು? ಅವನಿಗೆ ಮೊದಲೇ ಗ್ಯಾಸ್ ಕೊಟ್ಟು ಮಲಗಿಸಿ, ಪಕ್ಕಕ್ಕೆ ಹೊರಳಿಸಿ, ಮೊಣಕಾಲು ಮಡಿಸಿ, ಬೆನ್ನುಮೂಳೆಯ ತುದಿಯಲ್ಲಿ ಮರಗಟ್ಟಿಸುವ ಔಷಧ ಬುಪಿವಕೈನ್ ಹಾಕಿರುತ್ತಾರೆ. ಕಾಡಲ್ ಬ್ಲಾಕ್ ಎನ್ನುವುದು ಇದನ್ನೇ. ಸೂಜಿ ಪೊರೆ ದಾಟಿದ್ದು ಬೆರಳಿಗೆ ‘ಟಪ್’ ಎಂದು ತಿಳಿಯುತ್ತದೆ. ಸೂಜಿ ಎಲ್ಲಿಗೆ ಹೋಯಿತೆಂದು ಅದು ಹೇಳೀತು, ನೋವು ಹೋಯಿತೆಂದಲ್ಲ.

ಆಮೇಲೆ ಎಲ್ಲರ ಕಣ್ಣು ಮಾನಿಟರಿನ ಮೇಲೆ. ಚರ್ಮ ಕೊಯ್ದಾಗ ನಾಡಿ ಬಡಿತ ಅಷ್ಟಾಗಿ ಏರದೆ, ಮಗು ಕದಲದೆ ಇದ್ದರೆ ಬ್ಲಾಕ್ ಹಿಡಿದಿದೆ ಎಂದು ಲೆಕ್ಕ. ಈ ಲೆಕ್ಕದಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ. ಗ್ಯಾಸ್ ತುಸು ಹೆಚ್ಚಾಗಿದ್ದರೂ, ನೋವು ನಿವಾರಕ ಫೆಂಟನಿಲ್ ಕೊಟ್ಟಿದ್ದರೂ ನಾಡಿ ಸುಮ್ಮನಿರುತ್ತದೆ. ದೊಡ್ಡವರಲ್ಲಾದರೆ ರಕ್ತದೊತ್ತಡ ಇಳಿದು ಸುಳಿವು ಸಿಗುತ್ತದೆ. ಎಳೆಯ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಇಳಿಯುವುದೂ ಇಲ್ಲ. ಗುದದ್ವಾರದ ಸ್ನಾಯು ಸಡಿಲವಾಯಿತೇ ಎಂದು ನೋಡುವ ರೂಢಿಯಿದೆ. ಕೇಳಲು ಮುಜುಗರ, ಆದರೆ ಸ್ನಾಯು ಸಡಿಲಿಸುವ ಔಷಧ ಬೇರೆ ಕೊಟ್ಟಿರದಿದ್ದರೆ ಅದೇ ಹೆಚ್ಚು ನೇರವಾದ ಸಾಕ್ಷಿ.

ಸುಮ್ಮನಿರುವುದನ್ನೇ ನೋವಿಲ್ಲವೆಂದು ತಿಳಿದ ಕಾಲವೊಂದಿತ್ತು. 1980ರ ದಶಕದವರೆಗೂ ಎಷ್ಟೋ ನವಜಾತ ಶಿಶುಗಳಿಗೆ ಕೈಕಾಲು ಆಡದಂತೆ ಔಷಧ ಕೊಟ್ಟು, ಅರಿವಳಿಕೆಯಲ್ಲಿ ಜಿಪುಣತನ ಮಾಡಿ ಆಪರೇಷನ್ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಆ ನಂಬಿಕೆಯ ಬುಡ ಅಲ್ಲಾಡಿಸಿದವು.

ಹಾಗಾಗಿ ತೀರ್ಪನ್ನು ಮಗು ಎಚ್ಚರಾಗುವ ತನಕ ಕಾದಿಡಬೇಕು. ಅಲ್ಲೂ ತೊಡಕಿದೆ. ಅಳುವುದು ಹಸಿವಿಗೋ, ಸೆವೊಫ್ಲುರೇನ್ ಗ್ಯಾಸ್ ಇಳಿಯುವಾಗಿನ ಗಲಿಬಿಲಿಗೋ, ಜೋಮು ಹಿಡಿದ ಕಾಲು ತನ್ನದಲ್ಲವೆನಿಸಿದ ಗಾಬರಿಗೋ? ಮಕ್ಕಳ ನೋವು ಅಳೆಯುವ 1997ರ ಫ್ಲ್ಯಾಕ್ ಮಾಪಕ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಎಂಬ ಐದಕ್ಕೆ ತಲಾ 0ರಿಂದ 2 ಅಂಕ ಕೊಡುತ್ತದೆ. ಕಾಡಲ್ ಆದ ಮಗುವಿನಲ್ಲಿ ಕಾಲಿನ ಅಂಕವನ್ನು ನೆಚ್ಚುವಂತಿಲ್ಲ, ಮರಗಟ್ಟಿದ ಕಾಲು ಒದೆಯುವುದೆಲ್ಲಿಂದ? ನನ್ನ ಮಟ್ಟಿಗೆ ಕೊನೆಯದೇ ತೂಕದ್ದು. ಅಮ್ಮ ಎತ್ತಿಕೊಂಡು ಹಾಲು ಕುಡಿಸಿದರೂ ಮಣಿಯದ ಅಳುವನ್ನು ನೋವೆಂದೇ ಹಿಡಿದು ಔಷಧ ಕೊಡುವುದು ಸರಿ.

ಒಂದು ಸಲದ ಕಾಡಲ್ ಸುಮಾರು ನಾಲ್ಕರಿಂದ ಆರು ಗಂಟೆ ನಿಲ್ಲುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟವರು ಕೇಸ್ ಶೀಟಿನಲ್ಲಿ ‘ಬ್ಲಾಕ್ ಸರಿಯಾಗಿದೆ’ ಎಂದು ಬರೆಯುವ ಮೊದಲು, ಮಧ್ಯಾಹ್ನ ವಾರ್ಡಿಗೆ ಹೋಗಿ ಆ ತಾಯಿಯನ್ನೊಮ್ಮೆ ಕೇಳಲಿ.