ಮುದ್ರೆ ಮಳೆ ತಡೆಯದು

ನಮ್ಮದು ಅಥಣಿಯಲ್ಲಿ ಚಪ್ಪಲಿ ಮಾಡುವ ಮನೆ. ತೊಗಲು ಕೊಯ್ಯುವವ ನಾನು, ಹೆಣೆಯುವವಳು ಹೆಂಡತಿ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಕೊಲ್ಹಾಪುರಿಯಂಥದೇ ಚಪ್ಪಲಿ ಮೆರೆಸಿದಾಗ, ಕಲೆಯ ಕಳವಾಯಿತೆಂದು ದೇಶವೆಲ್ಲ ಕೂಗಿತು. ಕೂಗಿದವರಾರೂ ನಮ್ಮ ಮಾಳಿಗೆಯತ್ತ ಕಣ್ಣೆತ್ತಲಿಲ್ಲ.

ಮಳೆಗಾಲದಲ್ಲಿ ತೊಗಲಿನ ಚಪ್ಪಲಿ ಕೊಳ್ಳುವವರು ಕಡಿಮೆ. ಮಾಳಿಗೆ ಸೋರುವುದೂ ಆಗಲೇ. ಈ ಸಲ ತೊಲೆ ಮುರಿಯಿತು, ಕೊಯ್ದಿಟ್ಟ ತೊಗಲಿಗೆ ಬೂಷ್ಟು ಹಿಡಿಯಿತು. ಮರ, ತಗಡು, ಕೂಲಿ ಸೇರಿ ಹದಿನೆಂಟು ಸಾವಿರ! ಸರಕಾರಿ ನೌಕರನಿಗೆ ಹಬ್ಬದ ಮುಂಗಡವುಂಟು. ನಮಗೆ ಬಡ್ಡಿ ಸಾಹುಕಾರನೇ ಗತಿ.

ಕರ್ನಾಟಕ, ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮುದ್ರೆಯೇನೋ ಇದೆ. ಅದು ಹೆಸರನ್ನು ಕಾದೀತು, ಮನೆಯನ್ನಲ್ಲ. ಅಭಿಮಾನದ ಮಾತು ಸಾಕು, ಮಹನೀಯರೇ. ಮಳೆಗೆ ಮುನ್ನ ದುರಸ್ತಿಗೆಂದು ಬಡ್ಡಿಯಿಲ್ಲದ ಮುಂಗಡ ಕೊಡಿಸಿರಿ. ದೀಪಾವಳಿಯ ಹೊತ್ತಿಗೆ ದುಡಿದು ತೀರಿಸುತ್ತೇವೆ.